ಕನ್ನಂಬಾಡಿ ತುಂಬಿದರೂ ಕರೆಂಟ್ ಬಿಲ್ ಇಳಿಯದೇಕೆ?

ಪಾಂಡವಪುರದ ಹತ್ತಿರದ ಆಲೆಮನೆ. ಗಾಣ ನಿಂತಿತ್ತು, ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಒಲೆಗೆ ಒಣ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ ಯಜಮಾನರು ಕೈ ಒರೆಸಿಕೊಂಡು, ಮೊಳೆಗೆ ಚುಚ್ಚಿದ್ದ ಬಿಲ್ಲುಗಳ ಕಂತೆ ತೆಗೆದುಕೊಟ್ಟರು. "ಕಟ್ಟೆ ತುಂಬ್ತು ಕಣ್ ಸಾ, ಬಿಲ್ ಮಾತ್ರ ಯಾಕ್ ಇಳಿಯಾಕಿಲ್ಲ?"

2025ರಲ್ಲಿ ಕನ್ನಂಬಾಡಿ ಜೂನ್ ತಿಂಗಳಲ್ಲೇ 124.80 ಅಡಿ ಮುಟ್ಟಿದ್ದು ಜಲಾಶಯದ ಇತಿಹಾಸದಲ್ಲೇ ಮೊದಲು. ಹಾಗಾಗಿ ಅವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಇತಿಹಾಸದ ಬೆಂಬಲವೂ ಇದೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಯೋಜನೆಯಿಂದ 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ ಸೇರಿತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಗೆ ಕೊಡುವ ಕರೆಂಟೂ ಸೊರಗುತ್ತಿತ್ತು. ವಿಶ್ವೇಶ್ವರಯ್ಯನವರು ಅಣೆಕಟ್ಟೆಗೆ ವಾದಿಸಿದಾಗ ನೀರಾವರಿಯ ಜತೆಗೆ ಈ ವಿದ್ಯುತ್ ಪೂರೈಕೆಯೂ ಬಲವಾದ ಕಾರಣವಾಗಿತ್ತು. ಹಳೆಯ ಕನ್ನಂಬಾಡಿ ಊರು, ವೇಣುಗೋಪಾಲನ ಗುಡಿ ಮುಳುಗಿದ್ದರಲ್ಲಿ ದೂರದ ಚಿನ್ನದ ಪಾಲೂ ಇದೆ. ಶ್ರೀರಂಗಪಟ್ಟಣದ ಬಳಿ ನದಿ ನೋಡುವಾಗಲೆಲ್ಲ ನನಗೆ ಇದೇ ನೆನಪು.

ಆದರೆ ಶಿವನಸಮುದ್ರದ ಸಾಮರ್ಥ್ಯ 42 ಮೆಗಾವಾಟ್, ಶಿಂಷಾದ್ದು 17 ಚಿಲ್ಲರೆ. ರಾಯಚೂರಿನ ಕಲ್ಲಿದ್ದಲು ಸ್ಥಾವರ 1,720, ಪಾವಗಡದ ಸೌರ ಪಾರ್ಕ್ 2,050. ಜಲವಿದ್ಯುತ್ತಿನ ದೊಡ್ಡ ಗಂಟು ಶರಾವತಿಯಲ್ಲಿದೆ. ನಮ್ಮ ಕಟ್ಟೆಯ ನೀರು ಗದ್ದೆಯ ಭಾಗ್ಯವೇ ಹೊರತು ಬಿಲ್ಲಿನದಲ್ಲ.

ಬಿಲ್ಲಿನಲ್ಲಿ 'ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ' ಎಂಬ ಸಾಲಿದೆ. ಕಲ್ಲಿದ್ದಲು ತುಟ್ಟಿಯಾದರೆ, ಹೊರಗಿನಿಂದ ಕೊಂಡರೆ, ಅದರ ಬಿಸಿ ಇಲ್ಲಿ ತಟ್ಟುತ್ತದೆ. ಬರದ 2023ರಲ್ಲಿ ಮಳೆ ಕೈಕೊಟ್ಟು ಪಂಪ್‌ಸೆಟ್ಟುಗಳ ಬೇಡಿಕೆ ಏರಿದಾಗ ರಾಜ್ಯ ಹೊರಗೆ ಕೈಚಾಚಬೇಕಾಯಿತು. ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಆಗ ಯೂನಿಟ್‌ಗೆ ಗರಿಷ್ಠ ಮಿತಿ 10 ರೂಪಾಯಿ.

ಹೋಲಿಕೆಗೆ ಹೊರದೇಶ ನೋಡಿ. ಯುರೋಪಿನ ಸಗಟು ವಿದ್ಯುತ್ ಮಾರುಕಟ್ಟೆಯಲ್ಲಿ ಬೇಡಿಕೆ ಪೂರೈಸಲು ಕೊನೆಗೆ ಚಾಲೂ ಆಗುವ ಸ್ಥಾವರದ ಬೆಲೆಯೇ ಎಲ್ಲರ ಬೆಲೆ. ಅದು ಹೆಚ್ಚಾಗಿ ಗ್ಯಾಸಿನದು. ಉಕ್ರೇನ್ ಯುದ್ಧದ 2022ರಲ್ಲಿ ಅಗ್ಗದ ಗಾಳಿ, ನೀರಿನ ಕರೆಂಟೂ ಅದೇ ದರಕ್ಕೆ ಮಾರಾಟವಾಯಿತು. ನಮ್ಮಲ್ಲಿ ಬಹುಪಾಲು ದೀರ್ಘಾವಧಿ ಒಪ್ಪಂದದ ಖರೀದಿ, ಹಾಗಾಗಿ ಏಟು ಹಂಚಿಹೋಗುತ್ತದೆ. ನನ್ನ ಮಟ್ಟಿಗೆ ನಮ್ಮದೇ ವಾಸಿ.

ದರ ಪರಿಷ್ಕರಣೆಗೆ ಮುನ್ನ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕರ ಆಕ್ಷೇಪಣೆ ಕೇಳುತ್ತದೆ. ಕೆ.ಆರ್. ಪೇಟೆ, ನಾಗಮಂಗಲದ ರೈತರು, ಆಲೆಮನೆಯವರು ಬಿಲ್ಲು ಹಿಡಿದು ಹೋಗಿ, ಈ ತಿಂಗಳು ಯಾವ ಕರೆಂಟನ್ನು ಎಷ್ಟಕ್ಕೆ ಕೊಂಡಿರಿ ಎಂದು ನಮಗೆ ಕರೆಂಟು ವಿತರಿಸುವ ಸೆಸ್ಕ್‌ನವರನ್ನು ಅಲ್ಲಿ ಕೇಳಲಿ.