ಕುಂಚದ ಅಕ್ಷರ ಗಣಕವನ್ನು ಹೊಕ್ಕ ಬಗೆ

ಉಡುಪಿಯ ಬಸ್ಸು ನಿಲ್ದಾಣದಲ್ಲಿ ಕಾದು ನಿಂತವರಿಗೆ ಮೊದಲು ಬೇಕಾದುದು ಬಸ್ಸಿನ ಹಣೆಯ ಮೇಲಿನ ಊರ ಹೆಸರು. ‘ಕಾಪು’, ‘ಕಾರ್ಕಳ’ ಎರಡೂ ‘ಕಾ’ ಎಂದೇ ಮೊದಲಾಗುತ್ತವೆ. ಮುಂದಿನ ಅಕ್ಷರ ತಿಳಿಯದಿದ್ದರೆ ದಕ್ಷಿಣಕ್ಕೆ ಹೋಗಬೇಕಾದವನು ಪೂರ್ವದ ದಾರಿ ಹಿಡಿದಾನು! ಇಂಥ ಹೆಸರುಗಳನ್ನು ಬಹುಕಾಲ ಕುಂಚ ಹಿಡಿದ ಕಲಾವಿದರು ಬರೆಯುತ್ತಿದ್ದರು. ಫ್ಲೆಕ್ಸ್ ಮುದ್ರಣ ಬಂದ ಮೇಲೆ ಆ ಕೆಲಸದ ಬಹುಭಾಗವನ್ನು ಗಣಕದ ಅಕ್ಷರಗಳು ವಹಿಸಿಕೊಂಡಿವೆ. ಆದರೂ ಕುಂಚದ ಬಳುಕು ಜನರಿಗೆ ಪ್ರಿಯವಾದುದು. ಅದನ್ನು ಗಣಕದೊಳಗೆ ತರುವ ಬಗೆ ಹೇಗೆ?

ಚಪ್ಪಟೆ ಕುಂಚವನ್ನು ಅದರ ಅಂಚಿಗೆ ಅಡ್ಡಲಾಗಿ ಎಳೆದರೆ ಗೆರೆ ದಪ್ಪ; ಅಂಚಿನ ನೇರಕ್ಕೆ ಜಾರಿಸಿದರೆ ತೆಳು. ದುಂಡು ಕುಂಚದಲ್ಲಿ ದಪ್ಪವನ್ನು ನಿರ್ಣಯಿಸುವುದು ಕೈಯ ಒತ್ತಡ. ಹೀಗೆ ಬರೆದ ಅಕ್ಷರದ ಹೊರಗೆರೆಯ ಮೇಲೆ ವಿನ್ಯಾಸಕಾರರು ಕೆಲವು ಬಿಂದುಗಳನ್ನು ಗುರುತಿಸಿ, ಅವನ್ನು ಗಣಿತದ ವಕ್ರರೇಖೆಗಳಿಂದ ಜೋಡಿಸುತ್ತಾರೆ. ಗಣಕವು ಈ ರೇಖೆಗಳ ಲೆಕ್ಕವನ್ನಷ್ಟೇ ಇಟ್ಟುಕೊಳ್ಳುವುದರಿಂದ, ಅಕ್ಷರವನ್ನು ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದು.

ಕನ್ನಡದಲ್ಲಿ ಕಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಪಕಾರವೊಂದನ್ನೇ ನೋಡಿರಿ: ಉಡುಪಿಯಲ್ಲಿ ಅದಕ್ಕೆ ಗುಡಿಸು, ಮಣಿಪಾಲದಲ್ಲಿ ಇಳಿ, ಕಾಪುವಿನಲ್ಲಿ ಕೊಂಬು. ಮೂರೆಡೆಯೂ ರೂಪ ಬೇರೆ. ‘ಕಾರ್ಕಳ’ದ ರಕಾರವು ನಾಲಗೆಗೆ ಮೊದಲು ಬಂದರೂ, ಬರಹದಲ್ಲಿ ಕಕಾರದ ಬಲಕ್ಕೆ ಅರ್ಕಾವೊತ್ತಾಗಿ ನಿಲ್ಲುತ್ತದೆ. ಗಣಕದ ನೆನಪಿನಲ್ಲಿರುವುದು ಉಚ್ಚಾರದ ಕ್ರಮ, ಕರಾವಳಿಯ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮವೂ ಅದೇ. ಅದನ್ನು ಬರಹದ ಕ್ರಮಕ್ಕೆ ತಿರುಗಿಸಲು ಅಕ್ಷರಗಳೊಡನೆ ನಿಯಮಗಳೂ ಬೇಕು. 34 ವ್ಯಂಜನಗಳನ್ನು ಎರಡೆರಡಾಗಿ ಕೂಡಿಸಿದರೆ 1,156 ಒತ್ತಕ್ಷರಗಳಾಗುತ್ತವೆ. ಅಷ್ಟನ್ನೂ ಬಿಡಿಬಿಡಿಯಾಗಿ ಬರೆಯದೆ, 34 ಒಡಲುಗಳನ್ನೂ 34 ಒತ್ತುಗಳನ್ನೂ ಬರೆದು, ಅವು ಒಂದಕ್ಕೊಂದು ತಾಗದಂತೆ ಕೂಡಿಸಿದರೆ ಬಹುಪಾಲು ಕೆಲಸ ಸಾಗುತ್ತದೆ.

ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ರಚಿಸಿದ ‘ಅಕಾಯ ಕನಡಕ’, ಏಕ್ ಟೈಪ್ ಸಂಸ್ಥೆಯ ದುಂಡುಮೈಯ ‘ಬಾಲೂ ತಮ್ಮ’ ಇವು ಇಂಥ ವಿನೋದಪ್ರಿಯ ಅಕ್ಷರಗಳು. ಎರಡನ್ನೂ ಯಾರಾದರೂ ಹಣ ತೆರದೆ ಬಳಸಬಹುದು. ಮಕ್ಕಳ ಪುಸ್ತಕದ ಹೊದಿಕೆ, ಯಕ್ಷಗಾನದ ಭಿತ್ತಿಪತ್ರ, ಅಂಗಡಿಯ ಫಲಕ, ಇವೇ ಅವುಗಳಿಗೆ ತಕ್ಕ ಸ್ಥಳ. ಪುಟತುಂಬ ಓದುವ ಬರಹಕ್ಕಾಗಲಿ ಔಷಧದ ಚೀಟಿಗಾಗಲಿ ಅವು ಒಗ್ಗವು. ಕಿರಿದಾಗಿ ಅಚ್ಚಾದಾಗ ದಪ್ಪ ಗೆರೆಗಳ ನಡುವಣ ತೆರಪು ಮುಚ್ಚಿಹೋಗುತ್ತದೆ. ‘ಪ’ಕ್ಕೂ ‘ಫ’ಕ್ಕೂ, ‘ದ’ಕ್ಕೂ ‘ಧ’ಕ್ಕೂ ಇರುವ ಭೇದವಾದರೋ ಒಂದು ಪುಟ್ಟ ಗೀಟಿನದು.

ಇನ್ನೊಂದು ಮಿತಿಯೂ ಉಂಟು. ಕಲಾವಿದನು ‘ಕಾರ್ಕಳ’ದ ಎರಡು ಕಕಾರಗಳನ್ನು ಒಂದೇ ಅಚ್ಚಿನಲ್ಲಿ ಎರೆದಂತೆ ಬರೆಯಲಾರನು; ಫಲಕದ ಅಗಲ ನೋಡಿ ಹಿಗ್ಗಿಸುವನು, ಕುಗ್ಗಿಸುವನು. ಗಣಕದ ಅಕ್ಷರಕ್ಕೆ ಫಲಕ ಕಾಣದು. ಕೆಲವು ವಿನ್ಯಾಸಗಳಲ್ಲಿ ಒಂದೇ ಅಕ್ಷರಕ್ಕೆ ಎರಡು ಮೂರು ರೂಪಗಳನ್ನಿಟ್ಟು ಸರದಿಯಂತೆ ಬಳಸುವ ಏರ್ಪಾಡಿದೆಯಾದರೂ, ಅಳತೆಯನ್ನು ನಿರ್ಣಯಿಸಬೇಕಾದವರು ನಾವೇ. ಆದುದರಿಂದ ಫಲಕ ಮಾಡಿಸುವವರು ಹತ್ತು ಮಾರು ಹಿಂದೆ ಸರಿದು ಒಮ್ಮೆ ಓದಿ ನೋಡುವುದು ಲೇಸು. ಅಂದವು ಕಣ್ಣನ್ನು ಸೆಳೆಯಲಿ. ಆದರೆ ಕಾಪುವಿಗೆ ಹೊರಟವನು ಕಾಪುವನ್ನೇ ಸೇರಲಿ.