ಕಟ್ಟಡದ ಕರಾರಿನಲ್ಲಿ ಸಹಕಾರ

ತೋಟವನ್ನು ಖೇಣಿಗೆ ಕೊಟ್ಟು ಅನುಭವವಿರುವ ಬೆಳೆಗಾರರಿಗೆ ಕರಾರಿನ ಒಳಮರ್ಮವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೆಲವು ಕಡೆ ಚೇಣಿ ಎನ್ನುವ ಈ ವ್ಯವಹಾರದಲ್ಲಿ ಫಸಲು ಕೈಗೆ ಬರುವ ಮೊದಲೇ ಇಡೀ ತೋಟಕ್ಕೆ ಇಷ್ಟೆಂದು ಮೊತ್ತ ಗೊತ್ತುಮಾಡುವುದುಂಟು. ಧಾರಣೆ ಏರಿದರೆ ಕೊಟ್ಟವರಿಗೆ ಸಂಕಟ. ಇಳಿದರೆ ಹಿಡಿದವರು ಬಾಕಿ ಕೊಡದೆ ಸತಾಯಿಸುತ್ತಾರೆ, ಇಲ್ಲವೇ ಕೊನೆಯ ಕೊಯ್ಲನ್ನು ಹಾಗೆಯೇ ಬಿಟ್ಟು ಹೋಗುತ್ತಾರೆ. ಇಬ್ಬರಿಗೂ ಗೊತ್ತಿಲ್ಲದ ಸಂಗತಿಯ ಮೇಲೆ ಇಬ್ಬರೂ ಪಣ ಕಟ್ಟಿದ್ದರ ಫಲ ಇದು.

ಗೋದಾಮು, ಕಾಫಿ ಕಣ, ಮನೆ ಮೊದಲಾದುವನ್ನು ಕಟ್ಟಿಸುವಾಗ ನಾವು ಕೊಡುವ ಒಟ್ಟು ಗುತ್ತಿಗೆಯೂ ಬಹುಮಟ್ಟಿಗೆ ಇಂಥದೇ. ಕಡಿಮೆ ದರ ಬರೆದವರಿಗೆ ಕೆಲಸ ಹೋಗುತ್ತದೆ. ಪಾಯ ತೋಡುವಾಗ ಬಂಡೆ ಸಿಕ್ಕಿತು, ಕಬ್ಬಿಣದ ದರ ಏರಿತು ಎಂದು ಒಂದೊಂದೇ ಎಕ್ಸ್‌ಟ್ರಾ ಐಟಂ ಹುಟ್ಟಿಕೊಳ್ಳುತ್ತದೆ. ಮಾಲೀಕರು ಬಿಲ್ಲು ತಡೆಹಿಡಿಯುತ್ತಾರೆ, ಗುತ್ತಿಗೆದಾರರು ಆಳುಗಳನ್ನು ಬೇರೆ ಕೆಲಸಕ್ಕೆ ಕಳಿಸುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ. ಇಷ್ಟರಲ್ಲಿ ನವೆಂಬರ್ ಬಂದಿರುತ್ತದೆ. ಅರೇಬಿಕಾ ಹಣ್ಣಾಗಿರುತ್ತದೆ, ಕಣ ಮಾತ್ರ ಆಗಿರುವುದಿಲ್ಲ.

ನೆಲದೊಳಗೆ ಏನಿದೆ ಎಂಬುದು ಕಟ್ಟಡ ಕೆಲಸದ ಮೊದಲ ಅನಿಶ್ಚಯ. ಬೆಂಗಳೂರಿನ ಬೆನ್ಸನ್ ಟೌನಿನ ಸುತ್ತ ಇದನ್ನು ಕಣ್ಣಾರೆ ಕಾಣಬಹುದಿತ್ತು. ದಂಡು ಪ್ರದೇಶದ ಈ ಹಳೆಯ ಬಡಾವಣೆಗೆ ಹೊಂದಿಕೊಂಡೇ ನಮ್ಮ ಮೆಟ್ರೊದ ಗುಲಾಬಿ ಮಾರ್ಗದ ಕಂಟೋನ್‌ಮೆಂಟ್ ಮತ್ತು ಪಾಟರಿ ಟೌನ್ ನಿಲ್ದಾಣಗಳಿಗಾಗಿ ನೆಲ ಅಗೆಯಲಾಯಿತು. ಕಂಟೋನ್‌ಮೆಂಟಿನಿಂದ ಶಿವಾಜಿನಗರಕ್ಕೆ ಹೊರಟ ‘ಊರ್ಜಾ’ ಎಂಬ ಸುರಂಗ ಯಂತ್ರ ಸುಮಾರು 850 ಮೀಟರ್ ಕೊರೆದು 2021ರ ಸೆಪ್ಟೆಂಬರ್ 22ರಂದು ಹೊರಬಂದಾಗ ಒಂದು ವರ್ಷಕ್ಕೂ ಹೆಚ್ಚು ಕಾಲ ಸಂದಿತ್ತು. ದಿನಕ್ಕೆ ಸರಾಸರಿ ಎರಡು ಮೀಟರಿನ ಲೆಕ್ಕ. ಬೆಂಗಳೂರಿನ ನೆಲ ಒಂದು ಕಡೆ ಗಟ್ಟಿ ಕಪ್ಪುಕಲ್ಲು, ಹತ್ತು ಮಾರು ಮುಂದೆ ಕೊಳೆತ ಕಲ್ಲು ಮತ್ತು ಮಣ್ಣು.

ಈ ಮಾರ್ಗದ ಸುರಂಗದ ಕೆಲವು ಭಾಗಗಳಿಗೆ ಮೊದಲು ಬಂದ ದರಗಳು ಅಂದಾಜಿಗಿಂತ ಬಹಳ ಹೆಚ್ಚಾದುವೆಂದು ಮೆಟ್ರೊ ನಿಗಮ 2018ರಲ್ಲಿ ಟೆಂಡರ್ ರದ್ದುಮಾಡಿ ಮತ್ತೆ ಕರೆಯಬೇಕಾಯಿತು. ಗೊತ್ತಿಲ್ಲದ ಬಂಡೆಯ ಹೊಣೆಯನ್ನೆಲ್ಲ ಗುತ್ತಿಗೆದಾರರ ತಲೆಗೆ ಕಟ್ಟಿದರೆ ಜಾಣರಾದವರು ಅದರ ಬೆಲೆಯನ್ನು ದರದಲ್ಲೇ ಸೇರಿಸುತ್ತಾರೆ. ಸೇರಿಸದವರು ಆಮೇಲೆ ವ್ಯಾಜ್ಯ ಹೂಡುತ್ತಾರೆ. ಎರಡರಲ್ಲೂ ಹಣ ಹೋಗುವುದು ಕಟ್ಟಿಸುವವರದೇ.

ಇದಕ್ಕೆ ಬದಲಾಗಿ ಹೊರದೇಶಗಳಲ್ಲಿ ಸಹಯೋಗದ ಕರಾರು ಎಂಬ ಪದ್ಧತಿ ಬೆಳೆದುಬಂದಿದೆ. ಬ್ರಿಟನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆ 1993ರಲ್ಲಿ ಪ್ರಕಟಿಸಿದ ಎನ್.ಇ.ಸಿ. ಎಂಬ ಮಾದರಿ ಕರಾರು ಇವುಗಳಲ್ಲಿ ಹೆಸರಾದದ್ದು. ಪರಸ್ಪರ ನಂಬಿಕೆ ಮತ್ತು ಸಹಕಾರದಿಂದ ನಡೆದುಕೊಳ್ಳತಕ್ಕದ್ದೆಂದು ಅದರಲ್ಲಿ ಬರೆದೇ ಇದೆ. ನಂಬಿಕೆಯನ್ನು ಕಾಗದದಲ್ಲಿ ಬರೆದು ತರಲಾದೀತೇ ಎಂದು ಬೆಳೆಗಾರ ಮಿತ್ರರು ನಗಬಹುದು. ನಗುವುದೂ ನ್ಯಾಯವೇ. ಆದರೆ ಅದರ ಹಿಂದೆ ಒಂದು ಲೆಕ್ಕವಿದೆ.

ಒಂದು ಗೋದಾಮಿಗೆ ಇಬ್ಬರೂ ಕುಳಿತು 40 ಲಕ್ಷ ರೂಪಾಯಿ ಗುರಿ ವೆಚ್ಚವೆಂದು ಗೊತ್ತುಮಾಡಿದರೆನ್ನೋಣ. ಗುತ್ತಿಗೆದಾರರ ಲಾಭವೂ ಅದರಲ್ಲೇ ಸೇರಿದೆ. ಸಿಮೆಂಟು, ಕಬ್ಬಿಣ, ಕೂಲಿ ಎಲ್ಲದರ ಲೆಕ್ಕದ ಪುಸ್ತಕ ಇಬ್ಬರಿಗೂ ತೆರೆದಿರಬೇಕು. 36 ಲಕ್ಷಕ್ಕೆ ಕೆಲಸ ಮುಗಿದರೆ ಉಳಿದ 4 ಲಕ್ಷವನ್ನು ಸಮಪಾಲು ಮಾಡಿ ಮಾಲೀಕರು 38 ಲಕ್ಷ ಕೊಡುತ್ತಾರೆ. 44 ಲಕ್ಷವಾದರೆ ಹೆಚ್ಚಾದುದರಲ್ಲಿ ಅರ್ಧ ಗುತ್ತಿಗೆದಾರರದು, ಮಾಲೀಕರು ಕೊಡುವುದು 42. ಬಂಡೆ ಸಿಕ್ಕರೆ ಹೊಣೆ ಮಾಲೀಕರದೆಂದು ಮೊದಲೇ ಬರೆದಿದ್ದರೆ ಗುರಿ ಮೊತ್ತವೇ ಅಷ್ಟು ಏರುತ್ತದೆ. ತೂಕದ ಚೀಟಿ, ರಸೀದಿ ಇಲ್ಲದ ಖರ್ಚು ಲೆಕ್ಕಕ್ಕೆ ಬಾರದು. ಜಲ್ಲಿ ಉಳಿಸುವುದರಲ್ಲಿ ಈಗ ಇಬ್ಬರಿಗೂ ಆಸಕ್ತಿ.

ಪ್ರಾಜೆಕ್ಟ್ ಮ್ಯಾನೇಜರ್ ಎಂಬವರ ಕೆಲಸ ಇಲ್ಲಿ ಕಾವಲುಗಾರನದಲ್ಲ. ಮುಂದೆ ತೊಂದರೆಯಾದೀತೆಂದು ಮೊದಲು ಕಂಡವರು, ಅವರು ಯಾರೇ ಆಗಲಿ, ಕೂಡಲೇ ಬರೆದು ತಿಳಿಸಬೇಕು. ಇದಕ್ಕೆ ಮುನ್ನೆಚ್ಚರಿಕೆ ಎಂದು ಹೆಸರು. ಮ್ಯಾನೇಜರರು ಎಲ್ಲರನ್ನೂ ಕೂಡಿಸಿ ದಾರಿ ಹುಡುಕಬೇಕು; ತಪ್ಪು ಯಾರದೆಂಬ ವಿಚಾರಣೆ ಆ ಸಭೆಯದಲ್ಲ. ತಮ್ಮ ಪಾಲಿಗೆ ಬಾರದ ಹೊರೆ ಬಿದ್ದಿತೆಂದು ಗುತ್ತಿಗೆದಾರರಿಗೆ ತಿಳಿದು 8 ವಾರದೊಳಗೆ ಬರೆದು ಹೇಳದಿದ್ದರೆ, ಆ ಬಗ್ಗೆ ಮೊದಲು ತಿಳಿಸಬೇಕಾದವರು ಅವರೇ ಆಗಿದ್ದಲ್ಲಿ, ಆಮೇಲೆ ಕೇಳುವಂತಿಲ್ಲ. ಮ್ಯಾನೇಜರರಿಗೂ ಇಂಥದೇ ಕಟ್ಟು: ಗುತ್ತಿಗೆದಾರರು ಕೊಟ್ಟ ದರಕ್ಕೆ ಗಡುವಿನೊಳಗೆ ಉತ್ತರ ಕೊಡದೆ, ನೆನಪೋಲೆಗೂ ಸುಮ್ಮನಿದ್ದರೆ ಒಪ್ಪಿದಂತೆಯೇ ಲೆಕ್ಕ.

ನಮ್ಮ ಸಂಘಗಳಿಗೆ ತೊಡಕಾಗುವುದು ಇಲ್ಲೇ. ಆಡಳಿತ ಮಂಡಳಿ ಸೇರುವುದು ತಿಂಗಳಿಗೊಮ್ಮೆ, ಗಾರೆ ಕಲಸಿ ನಿಂತವರು ತಿಂಗಳು ಕಾಯಲಾರರು. ಇಷ್ಟು ಮೊತ್ತದವರೆಗೆ ತೀರ್ಮಾನ ಕೈಗೊಳ್ಳಲು ಒಬ್ಬರಿಗೆ ಅಧಿಕಾರ ಕೊಟ್ಟು ನಿರ್ಣಯ ಬರೆಯದಿದ್ದರೆ ಯಾವ ಕರಾರೂ ನಡೆಯದು.

ಬ್ರಿಟಿಷ್ ಪೆಟ್ರೋಲಿಯಂ ಕಂಪನಿ ಉತ್ತರ ಸಮುದ್ರದ ಆ್ಯಂಡ್ರೂ ತೈಲನೆಲೆಯಲ್ಲಿ ಏಳು ಗುತ್ತಿಗೆದಾರರೊಡನೆ ಇಂಥ ಕೂಟ ಮಾಡಿಕೊಂಡಿತ್ತು. ಮೊದಲ ಅಂದಾಜು ಸುಮಾರು 45 ಕೋಟಿ ಪೌಂಡ್, ಒಪ್ಪಿದ ಗುರಿ 37.3 ಕೋಟಿ. ಕೊನೆಗೆ ತಗಲಿದ್ದು ಸುಮಾರು 29 ಕೋಟಿ. 1996ರಲ್ಲಿ, ಗೊತ್ತಾದ ದಿನಕ್ಕಿಂತ ಆರು ತಿಂಗಳು ಮೊದಲೇ ಎಣ್ಣೆ ಬಂತು. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಐದನೆಯ ಟರ್ಮಿನಲ್ಲನ್ನು ಕಟ್ಟುವಾಗ ಒಡೆಯರೇ ನಷ್ಟದ ಹೊಣೆ ಹೊತ್ತು ಗುತ್ತಿಗೆದಾರರಿಗೆ ತಗಲಿದ ವೆಚ್ಚ ಕೊಟ್ಟರು. ಸುಮಾರು 430 ಕೋಟಿ ಪೌಂಡಿನ ಆ ಕೆಲಸ ಹೇಳಿದ ಕಾಲಕ್ಕೆ ಮುಗಿದು 2008ರ ಮಾರ್ಚ್ 27ರಂದು ಬಾಗಿಲು ತೆರೆಯಿತು. ಆದರೆ ಮೊದಲ ದಿನವೇ ಪ್ರಯಾಣಿಕರ ಸಾಮಾನು ಸಾಗಿಸುವ ವ್ಯವಸ್ಥೆ ಕೆಟ್ಟು ನಗೆಪಾಟಲಾಯಿತೆಂಬುದನ್ನೂ ಮರೆಯುವಂತಿಲ್ಲ. ಕಟ್ಟುವವರ ಸಹಕಾರ ನಡೆಸುವವರ ಕೈಗೆ ದಾಟಿರಲಿಲ್ಲ.

ನಮ್ಮಲ್ಲಿ ಇದು ಬೇರೂರಿಲ್ಲ. ಕಡಿಮೆ ದರದವರನ್ನು ಬಿಟ್ಟದ್ದೇಕೆಂದು ಆಡಿಟ್ಟಿನಲ್ಲಿ ಕೇಳಿಯಾರೆಂಬ ಭಯ ದೊಡ್ಡದು. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್ 29ರಂದು ಹೊರಡಿಸಿದ ಸೂಚನೆಗಳಲ್ಲಿ, ಗುಣಮಟ್ಟವೇ ಮುಖ್ಯವೆಂದು ಘೋಷಿಸಿದ ಕಾಮಗಾರಿಗಳಲ್ಲಿ ದರವಲ್ಲದ ಅಂಶಗಳಿಗೂ 30 ಶೇಕಡಾವರೆಗೆ ತೂಕ ಕೊಡಬಹುದೆಂದಿದೆ. ಅದು ಕೇಂದ್ರದ ಕಚೇರಿಗಳಿಗೆ. ಸಂಘಗಳು ತಮ್ಮ ಬೈಲಾ ಮತ್ತು ಇಲಾಖೆಯ ನಿಯಮವನ್ನು ನೋಡಿಕೊಂಡೇ ಹೆಜ್ಜೆ ಇಡಬೇಕು. ಗುರಿ ಮೊತ್ತವನ್ನೇ ಉಬ್ಬಿಸಿ ಬರೆಸಿ, ಆಮೇಲೆ ಉಳಿತಾಯದಲ್ಲಿ ಪಾಲು ಕೇಳುವ ಜಾಣರೂ ಇದ್ದಾರೆ. ಆದುದರಿಂದ ಗುರಿಯನ್ನು ಒಪ್ಪುವ ಮೊದಲು ಸಂಬಂಧವಿಲ್ಲದ ಎಂಜಿನಿಯರರೊಬ್ಬರಿಂದ ಬೇರೆ ಅಂದಾಜು ಮಾಡಿಸಲೇಬೇಕು.

ಎರಡೆಕರೆಯ ಬೆಳೆಗಾರರಿಗೆ ನೂರು ಪುಟದ ಕರಾರು ಬೇಡ. ಬಂಡೆ, ನೀರು, ದರದ ಏರಿಕೆ ಇವುಗಳಲ್ಲಿ ಯಾವುದು ಯಾರ ಹೊಣೆ. ಉಳಿದದ್ದು, ಮೀರಿದ್ದು ಎಷ್ಟು ಪಾಲು. ವಾರಕ್ಕೊಮ್ಮೆ ಯಾವ ದಿನ ಕುಳಿತು ಲೆಕ್ಕ ನೋಡುವುದು. ಮಾತು ಮುರಿದರೆ ಯಾರ ಮುಂದೆ ಹೋಗುವುದು. ಇಷ್ಟನ್ನು ಛಾಪಾ ಕಾಗದದಲ್ಲಿ ಬರೆದು ಮೇಸ್ತ್ರಿಯೊಡನೆ ಸಹಿ ಮಾಡಿಕೊಂಡರೆ ಸಣ್ಣ ಕೆಲಸಕ್ಕೆ ಸಾಕು. ಪಾಯದ ಜಾಗದಲ್ಲಿ ಎರಡು ಮೂರು ಗುಂಡಿ ತೋಡಿ ನೋಡಿಯೇ ಗುರಿ ಮೊತ್ತ ಬರೆಯಿರಿ. ಜೂನಿನ ಮಳೆಗೆ ಮೊದಲು ಕಣದ ನೆಲ ಗಟ್ಟಿಯಾಗಬೇಕಾದರೆ ಈ ಕಾಗದ ಜನವರಿ, ಹೆಚ್ಚೆಂದರೆ ಫೆಬ್ರವರಿಯೊಳಗೆ ಸಿದ್ಧವಾಗಿರಬೇಕು.