ಹೆಚ್ಚು ಸಾವು ದಾಖಲಾದ ಕಡೆಯೇ ಹೆಚ್ಚು ಸಕ್ಕರೆ ಕಾಯಿಲೆ ಇದೆಯೇ?

"ನಮ್ ಏರಿಯಾದಲ್ಲೇ ಶುಗರ್ ಜಾಸ್ತಿ, ನೀರಲ್ಲೇ ಏನೋ ಇರ್ಬೇಕು." ಮೂಡಲಪಾಳ್ಯದ ಮೆಡಿಕಲ್ ಶಾಪ್ ಮುಂದೆ ಇಂಥ ಮಾತು ಕೇಳಿಬರುತ್ತದೆ. ಪ್ರದೇಶವಾರು ಸಾವಿನ ಅಂಕಿಅಂಶ ನೋಡಿದಾಗಲೂ ನಾವು ಇದೇ ರೀತಿ ಯೋಚಿಸುತ್ತೇವೆ: ಸಂಖ್ಯೆ ಹೆಚ್ಚಿದ್ದರೆ ಕಾಯಿಲೆ ಹೆಚ್ಚು, ಕಡಿಮೆ ಇದ್ದರೆ ಆರೋಗ್ಯ ಚೆನ್ನಾಗಿದೆ. ಇದು ನಿಜವೇ?

ಮೊದಲು, ಸಾವು ಎಲ್ಲಿ ದಾಖಲಾಗುತ್ತದೆ ಎಂದು ನೋಡೋಣ. ನಮ್ಮಲ್ಲಿ ಸಾವು ನೋಂದಣಿಯಾಗುವುದು ಅದು ಸಂಭವಿಸಿದ ಸ್ಥಳದಲ್ಲಿ. ಮೂಡಲಪಾಳ್ಯದ ನಿವಾಸಿಯೊಬ್ಬರು ವಿಕ್ಟೋರಿಯಾ ಆಸ್ಪತ್ರೆಯಲ್ಲಿ ತೀರಿಕೊಂಡರೆ, ನೋಂದಣಿ ಆ ಭಾಗದಲ್ಲಿ ಆಗುತ್ತದೆ. ವಾಸಸ್ಥಳದ ಪ್ರಕಾರ ವಿಂಗಡಿಸದಿದ್ದರೆ, ದೊಡ್ಡ ಆಸ್ಪತ್ರೆ ಇರುವ ಪ್ರದೇಶವೇ ಅಪಾಯಕಾರಿ ಎನಿಸುತ್ತದೆ.

ಎರಡನೆಯದು, ಕಾರಣ ಬರೆಯುವವರು ಯಾರು? 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು ಸುಮಾರು 22.5% ಮಾತ್ರ. ಜೊತೆಗೆ, ಸಕ್ಕರೆ ಕಾಯಿಲೆ ಹೃದಯ, ಕಿಡ್ನಿಗಳನ್ನು ನಿಧಾನವಾಗಿ ಹಾಳು ಮಾಡುತ್ತದೆ. ಪ್ರಮಾಣಪತ್ರದಲ್ಲಿ 'ಹೃದಯಾಘಾತ' ಎಂದಷ್ಟೇ ಬರೆದರೆ, ಇಪ್ಪತ್ತು ವರ್ಷದ ಶುಗರ್ ಲೆಕ್ಕಕ್ಕೇ ಬರುವುದಿಲ್ಲ.

ಮೂರನೆಯದು ವಯಸ್ಸು. ಹಿರಿಯರು ಹೆಚ್ಚಿರುವ ಹಳೆಯ ಬಡಾವಣೆಯಲ್ಲಿ, ಯುವ ಬಾಡಿಗೆದಾರರೇ ತುಂಬಿರುವ ಹೊಸ ಬಡಾವಣೆಗಿಂತ ಹೆಚ್ಚು ಸಾವು ಸಂಭವಿಸುವುದು ಸಹಜ. ಹಾಗಾಗಿ ಹೋಲಿಸುವ ಮೊದಲು ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಬೇಕು.

ಕಾಯಿಲೆ ನಿಜಕ್ಕೂ ಎಷ್ಟಿದೆ ಎಂದು ತಿಳಿಯಲು ಜನರ ರಕ್ತವನ್ನೇ ಪರೀಕ್ಷಿಸಬೇಕು. ಐಸಿಎಂಆರ್-ಇಂಡಿಯಾಬ್ ಅಧ್ಯಯನ ಅದನ್ನೇ ಮಾಡಿತು. 2023ರಲ್ಲಿ ಪ್ರಕಟವಾದ ವರದಿಯ ಪ್ರಕಾರ ದೇಶದ ವಯಸ್ಕರಲ್ಲಿ 11.4% ಮಂದಿಗೆ ಮಧುಮೇಹವಿದೆ, ಗೋವಾದಲ್ಲಿ 26.4%, ಉತ್ತರ ಪ್ರದೇಶದಲ್ಲಿ 4.8%. ನಗರಗಳಲ್ಲಿ 16.4%, ಹಳ್ಳಿಗಳಲ್ಲಿ 8.9%. ಅಂದರೆ ಪ್ರಾದೇಶಿಕ ವ್ಯತ್ಯಾಸ ನಿಜ. ಆದರೆ ಕಡಿಮೆ ಇರುವ ಕಡೆ ನಿಶ್ಚಿಂತೆ ಎಂದಲ್ಲ: ಉತ್ತರ ಪ್ರದೇಶದಲ್ಲಿ ಮಧುಮೇಹ ಇರುವ ಒಬ್ಬರಿಗೆ, ಅದರ ಹೊಸ್ತಿಲಲ್ಲಿರುವವರು ಸುಮಾರು ನಾಲ್ವರು.

ಹಾಗಾದರೆ ಆಸ್ಪತ್ರೆ ದಾಖಲಾತಿಯ ಅಂಕಿಗಳು ವ್ಯರ್ಥವೇ? ಅಲ್ಲ. ಕಾಲಿನ ಹುಣ್ಣು ಕೊಳೆತು, ಇಲ್ಲವೇ ಸಕ್ಕರೆ ವಿಪರೀತ ಏರಿ ಅಡ್ಮಿಟ್ ಆಗುವುದನ್ನು ಎಷ್ಟೋ ಬಾರಿ ಮೊದಲೇ ತಪ್ಪಿಸಬಹುದಿತ್ತು. ಆದ್ದರಿಂದ ಮಧುಮೇಹದ ದಾಖಲಾತಿ ದರವನ್ನು ಹಲವು ದೇಶಗಳು ಪ್ರಾಥಮಿಕ ಚಿಕಿತ್ಸೆಯ ಗುಣಮಟ್ಟ ಅಳೆಯಲು ಬಳಸುತ್ತವೆ. ಆದರೆ ಆಸ್ಪತ್ರೆಗೆ ಹೋಗಲು ದುಡ್ಡಿಲ್ಲದೆ ಮನೆಯಲ್ಲೇ ನರಳುವವರು ಆ ಲೆಕ್ಕದಲ್ಲಿ ಇರುವುದಿಲ್ಲ. ಅಂಥ ಕಡೆ ಕಡಿಮೆ ಸಂಖ್ಯೆಯೇ ಕೆಟ್ಟ ಸುದ್ದಿ.

ನೀವು ಮಾಡಬಹುದಾದದ್ದು ಎರಡು. ಮೂವತ್ತು ದಾಟಿದ್ದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ಮನೆಯವರನ್ನು ಬೇರೆ ಯಾವುದೇ ಕಾಯಿಲೆಗೆ ಆಸ್ಪತ್ರೆಗೆ ಸೇರಿಸಿದರೂ, ಅವರಿಗೆ ಎಷ್ಟು ವರ್ಷದಿಂದ ಶುಗರ್ ಇದೆ ಎಂದು ವೈದ್ಯರಿಗೆ ತಪ್ಪದೆ ಹೇಳಿ. ಚಿಕಿತ್ಸೆಗೂ ಅದು ಬೇಕು, ಲೆಕ್ಕಕ್ಕೂ ಬೇಕು.